ಒಂದನೇ ಇಯತ್ತೆಯ ಕಾಕಾ

ನಮ್ಮ ಕಾಕಾ ಒಂದನೇ ಇಯತ್ತೆ ಓದುತ್ತಿದ್ದಾರೆ. ವಯಸ್ಸು ಎಪ್ಪತ್ತೊಂದು. ಕಳೆದ ಹನ್ನೊಂದು ವರ್ಷದಿಂದ ಅದೇ ಇಯತ್ತೆಯಲ್ಲಿದ್ದಾರೆ, ಇನ್ನೂ ಪಾಸಾಗಿಲ್ಲ. ಆಗುವ ಲಕ್ಷಣವೂ ಕಾಣುವುದಿಲ್ಲ. ಹಾಗಂತ ದಡ್ಡರೇ ಅಂದರೆ ಅದೂ ಅಲ್ಲ. ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಯ ಶಾಲೆಗಳಲ್ಲಿ ಮೂವತ್ತೆಂಟು ವರ್ಷ ದುಡಿದು ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಊರಿಗೆಲ್ಲ ಅಕ್ಷರ ಕಲಿಸಿ, ನಿವೃತ್ತಿಯ ಮರುದಿನ ಮೊಮ್ಮಗನ ಪಾಟಿ, ಬಳಪ ಕಸಿದುಕೊಂಡು ನೆಲದ ಮೇಲೆ ಕೂತರು ನೋಡಿ, ಇವತ್ತಿನವರೆಗೂ ಎದ್ದಿಲ್ಲ!

ನೀವು ನಗುತ್ತೀರಿ. ನಾನೂ ನಗುತ್ತಿದ್ದೆ, ಶಿಕ್ಷಕಿಯಾಗಿ ನನ್ನ ನೇಮಕಾತಿ ಆದೇಶ ಕೈಗೆ ಬರುವ ತನಕ.

ಕಾಕಾರ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಮಾಳಿಗೆಯ ಮೇಲೆ ಒಂದು ತಗಡಿನ ಶೆಡ್ಡು. ಹೊಸದಾಗಿ ನೌಕರಿ ಸಿಕ್ಕ ಶಿಕ್ಷಕರು, ಅದರಲ್ಲೂ ಹಳ್ಳಿಯ ಶಾಲೆಗೆ ಹೋಗಬೇಕಾದವರು, ಒಬ್ಬರ ಬಾಯಿಂದ ಒಬ್ಬರು ಕೇಳಿ ತಿಳಿದು ಈ ಶೆಡ್ಡಿಗೆ ಬರುತ್ತಾರೆ. ಬಂದವರಿಗೆ ಕಾಕಾ ಪಾಠ ಹೇಳುವುದಿಲ್ಲ. ಬಂದವರೇ ಕಾಕಾರಿಗೆ ಪಾಠ ಹೇಳಬೇಕು. ಕಾಕಾ ಒಬ್ಬರಿಗೇ ಅಲ್ಲ, ಅವರ ಜೊತೆ ಸಾಲಾಗಿ ಚಾಪೆಯ ಮೇಲೆ ಕೂತ ಇನ್ನೂ ನಾಲ್ಕು ಮಂದಿ ಪೆನ್ಶನ್‌ದಾರರಿಗೆ. ಎಲ್ಲರ ಕೈಯಲ್ಲೂ ಪಾಟಿ, ಎಲ್ಲರ ಕೊರಳಲ್ಲೂ ನೀರಿನ ಬಾಟಲಿ.

“ಕಾಲೇಜಿನ್ಯಾಗ ಪಾಠದ ಪ್ರಾಕ್ಟೀಸ್ ಮಾಡಸ್ತಾರಲ್ಲ, ಅಲ್ಲೆ ಹಿಂದ ಅವರ ಮಾಸ್ತರ ನಿಂತಿರ್ತಾನ. ಹುಡುಗ್ರು ಉಸರು ಬಿಡೂದಿಲ್ಲ” ಎನ್ನುತ್ತಾರೆ ಕಾಕಾ. “ಅಂಥಾ ಕ್ಲಾಸಿನ್ಯಾಗ ಯಾರರೆ ಪಾಠಾ ಮಾಡ್ತಾರ. ಹಳ್ಳ್ಯಾಗ ಒಂದನೇತ್ತದ ಮುಂದ ಒಬ್ಬರ ನಿಂತಾಗ ಗೊತ್ತಾಗ್ತೈತಿ ಮಾಸ್ತರಕಿ ಹ್ವಾರೆ ಏನಂತ.”

“ಹಂಗಾರ ಇಲ್ಲೆ ಹುಡುಗರ್ನ ಕರಸೂದು ಬಿಟ್ಟು ಈ ಅಜ್ಜಗೋಳ್ನ ಯಾಕ ಕುಂದರಿಸೀರಿ?” ಎಂದು ನಾನು ಕೇಳಿದ್ದೆ.

“ಏ ಖೋಡಿ, ವಿಚಾರ ಮಾಡು. ಐದ ನಿಮಿಷ ಸುಮ್ನ ಕೂಡಾಕ ಆಗೂದಿಲ್ಲ, ಹತ್ತ ನಿಮಿಷಕ್ಕೊಮ್ಮೆ ಹೊರಗ ಹೋಗಬೇಕು, ಹೊತ್ತಿಗೆ ಸರಿಯಾಗಿ ಉಣಬೇಕು, ಹೇಳಿದ್ದು ನೆನಪಿರೂದಿಲ್ಲ, ಬೈದ್ರ ಸಿಟ್ಟ ಬರ್ತೈತಿ. ಆರ ವರ್ಷದ ಹುಡುಗಗೂ ಪೆನ್ಶನ್ ಮುದುಕಗೂ ಏನ ಫರಕೈತಿ ಹೇಳು ನೋಡೋಣ.”

ಆ ಫರಕನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಈ ವರ್ಗದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಹಂಚಲಾಗಿದೆ. ನಿವೃತ್ತ ಪೋಸ್ಟ್‌ಮಾಸ್ತರ ಅಜ್ಜ ಅಳುವ ಹುಡುಗ. ಹೊಸ ಶಿಕ್ಷಕರು ಬೋರ್ಡಿನ ಮೇಲೆ ಬರೆಯಲು ಖಡು ಕೈಗೆತ್ತಿಕೊಂಡ ಕ್ಷಣವೇ ಅವರು ರಾಗ ತೆಗೆಯಬೇಕು. ನಿವೃತ್ತ ಕಂಡಕ್ಟರ್ ಅಜ್ಜ ಓಡಿಹೋಗುವ ಹುಡುಗ. ಶಿಕ್ಷಕರು ಬೋರ್ಡಿನ ಕಡೆ ತಿರುಗಿದರೆ ಸಾಕು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿನ ಕಡೆ ಹೊರಡುತ್ತಾರೆ. ಓಡುವುದೇನು ಬಂತು, ಬಾಗಿಲು ಮುಟ್ಟುವುದರೊಳಗೆ ಶಿಕ್ಷಕರು ಒಂದು ಪಾಠ ಮುಗಿಸಿರುತ್ತಾರೆ! ಇನ್ನಿಬ್ಬರದು ಪರಸ್ಪರ ಜಗಳ. ಅವರಿಬ್ಬರ ನಡುವೆ ಮೂವತ್ತು ವರ್ಷದಿಂದ ಒಂದು ಗೋಡೆಯ ತಕರಾರು ಇರುವುದರಿಂದ ಅವರು ಅಭಿನಯಿಸುವ ಅಗತ್ಯವೇ ಬಿದ್ದಿಲ್ಲ. ಕಾಕಾ ಮಾತ್ರ ಕೊನೆಯ ಸಾಲಿನಲ್ಲಿ ಕೂತು, ಏನು ಕೇಳಿದರೂ ಗೊತ್ತಿಲ್ಲ ಎನ್ನುವ ಹುಡುಗ.

ಕಂಡಕ್ಟರ್ ಅಜ್ಜನಿಗೆ ಈ ಬಗ್ಗೆ ಬಲು ಅಸಮಾಧಾನ. “ಹನ್ನೊಂದ ವರ್ಷಾತು ಒಂದನೇತ್ತದಾಗ ಇಟ್ಟೀರಿ. ನನ್ನ ಮೊಮ್ಮಗಳು ಕಾಲೇಜಿಗೆ ಹ್ವಾದಳು. ನಮ್ಮನ್ನ ಎರಡನೇತ್ತಕ್ಕರೆ ಹಾಕ್ರಿ” ಎಂದು ಪ್ರತಿ ಜೂನ್ ತಿಂಗಳಲ್ಲಿ ಅರ್ಜಿ ಕೊಡುತ್ತಾರೆ. ಹಾಜರಾತಿ ಕಡಿಮೆ ಎಂದು ಕಾಕಾ ಪ್ರತಿ ವರ್ಷವೂ ತಿರಸ್ಕರಿಸುತ್ತಾರೆ.

ಪಾಠದ ನಂತರ ಬಾಯಿ ಪರೀಕ್ಷೆ. ಕಾಕಾರ ಪ್ರಶ್ನೆಗಳು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. “ಆಡು ಒಳಗ ಬಂದು ಹಾಜರಿ ಪುಸ್ತಕ ತಿಂದೈತಿ. ಅವತ್ತಿನ ಹಾಜರಿ ಎಲ್ಲಿ ಬರೀತಿ?” “ಬಿಸಿಯೂಟದ ಅಕ್ಕಗ ಸಿಟ್ಟ ಬಂದು ಒಲಿ ಆರಿಸಿ ಹೋಗ್ಯಾಳ. ಅಕಿ ಮನಿಗೆ ಹೋಗಿ ಮೊದಲನೇ ಮಾತ ಏನ ಆಡ್ತಿ?” “ಧ್ವಜದ ಹಗ್ಗ ಅರ್ಧಕ್ಕ ಸಿಕ್ಕೊಂಡೈತಿ, ಊರ ಹಿರ್‍ಯಾರೆಲ್ಲ ಸೆಲ್ಯೂಟ್ ಹೊಡದ ನಿಂತಾರ. ಏನ ಮಾಡ್ತಿ?” ಕೊನೆಯ ಪ್ರಶ್ನೆಗೆ ಗುಳೇದಗುಡ್ಡದ ಒಬ್ಬ ಹುಡುಗಿ “ನಾನೂ ಸೆಲ್ಯೂಟ್ ಹೊಡದು ನಿಂದರ್ತೇನ್ರಿ” ಎಂದಳಂತೆ. ಕಾಕಾ ಆಕೆಗೆ ಹತ್ತಕ್ಕೆ ಹತ್ತು ಕೊಟ್ಟು, ತಮ್ಮ ಹೆಂಡತಿ, ನಮ್ಮ ಕಾಕೂಗೆ ಹೇಳಿ ಶೇಂಗಾ ಉಂಡಿ ಕೊಡಿಸಿದರು.

ಇದರ ಮೇಲೆ ಪ್ರಾಯೋಗಿಕ ತರಬೇತಿ ಬೇರೆ. ಹಳ್ಳಿಗೆ ಓಡಾಡುವ ಟಂಟಂ ರಿಕ್ಷಾದಲ್ಲಿ ಕೂಡುವುದು ಹೇಗೆ ಎಂದು ಕಲಿಸಲು ಒಂದು ದಿವಾನದ ಮೇಲೆ ಎಂಟು ಮಂದಿಯನ್ನು ಕೂಡಿಸಿ, ನಡುವೆ ಹಾಲಿನ ಕ್ಯಾನು ಇಟ್ಟು, ಕಂಡಕ್ಟರ್ ಅಜ್ಜನಿಂದ “ಮುಂದ ಸರೀರಿ, ಮುಂದ ಜಾಗಾ ಐತಿ” ಎಂದು ಕೂಗಿಸುತ್ತಾರೆ. ಮುಂದೆ ಇರುವುದು ಗೋಡೆ. ಆದರೂ ಎಲ್ಲರೂ ಸರಿಯುತ್ತಾರೆ!

ನನ್ನ ನೇಮಕಾತಿ ಆದೇಶ ಬಂದಾಗ ನಾನೂ ಈ ಮಾಳಿಗೆ ಹತ್ತಲೇಬೇಕಾಯಿತು. ಮೊದಲ ದಿನ ಖಡು ಹಿಡಿದೆ, ಪೋಸ್ಟ್‌ಮಾಸ್ತರ ಅಜ್ಜ ರಾಗ ತೆಗೆದರು. ಸಮಾಧಾನ ಮಾಡಿದೆ, ನಿಲ್ಲಲಿಲ್ಲ. ಚಾಕೊಲೇಟ್ ತೋರಿಸಿದೆ. ಸಕ್ಕರೆ ಕಾಯಿಲೆ ಎಂದು ಹೇಳಿ ಇನ್ನೂ ಜೋರಾಗಿ ಅತ್ತರು. ಕಡೆಗೆ ನನಗೆ ರೇಗಿ “ಸುಮ್ನ ಕೂಡ್ರಿ ಅಜ್ಜಾರ” ಎಂದು ಗದರಿಸಿಬಿಟ್ಟೆ. ಅಜ್ಜ ಅಳು ನಿಲ್ಲಿಸಿ, ಪಾಟಿ ಕಂಕುಳಲ್ಲಿ ಇಟ್ಟುಕೊಂಡು ಎದ್ದು ಹೋದವರು ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಅವರ ಸೊಸೆ ಬಂದು “ಮಾವನಾರು ಊಟಾ ಬಿಟ್ಟಾರ್‍ರಿ. ಸಾಲ್ಯಾಗ ಯಾರೋ ಏನೋ ಅಂದಾರಂತ” ಎಂದು ದೂರು ಕೊಟ್ಟು ಹೋದರು.

“ಹೋಗು, ಮನಿ ಭೇಟಿ ಮಾಡು” ಎಂದರು ಕಾಕಾ. “ಹುಡುಗ ಸಾಲಿ ಬಿಟ್ಟಾನ. ಕರಕೊಂಡ ಬರೂದು ನಿನ್ನ ಹ್ವಾರೆ.”

ಎರಡು ಗಲ್ಲಿ ಆಚೆಗಿನ ಮನೆಗೆ ಹೋಗಿ, ಎಪ್ಪತ್ತಾರು ವರ್ಷದ ಹುಡುಗನ ಎದುರು ಕೂತು, ಇನ್ನು ಮೇಲೆ ಗದರಿಸುವುದಿಲ್ಲ ಎಂದು ಮಾತು ಕೊಟ್ಟು, ಕೈ ಹಿಡಿದು ಕರೆತಂದೆ. ದಾರಿಯಲ್ಲಿ ಅಜ್ಜ ನನ್ನ ಕೈ ಬಿಡಲಿಲ್ಲ. ರಸ್ತೆ ದಾಟುವಾಗ ನಾನೇ ಅವರನ್ನು ಹಿಡಿದಿದ್ದೆನೋ ಅವರೇ ನನ್ನನ್ನು ಹಿಡಿದಿದ್ದರೋ ತಿಳಿಯಲಿಲ್ಲ.

ಇಷ್ಟೆಲ್ಲ ಕಲಿತು ಹೋದೆನಲ್ಲ, ಪಾರಾದೆನೇ? ಎಲ್ಲಿಯ ಮಾತು!

ಹುನಗುಂದ ತಾಲೂಕಿನ ಒಂದು ಸಣ್ಣ ಹಳ್ಳಿ ನನ್ನ ಪಾಲಿಗೆ ಬಂತು. ಇಳಕಲ್ಲಿನಲ್ಲಿ ಒಂದು ಕೋಣೆ ಹಿಡಿದೆ. ಪಕ್ಕದ ಮನೆಯ ಮಗ್ಗದ ಸದ್ದಿಗೆ ಏಳುವುದು, ಬಸ್ಸು, ಆಮೇಲೆ ಟಂಟಂ. ಟಂಟಂನಲ್ಲಿ ಮಾತ್ರ ನಾನು ಹುಟ್ಟಾ ಪರಿಣತಳಂತೆ ಕೂತೆ. ಹೆಡ್‌ಮಾಸ್ತರರು ಒಳ್ಳೆಯವರು, ದೊಡ್ಡ ಇಯತ್ತೆಗಳನ್ನು ಅವರು ನೋಡಿಕೊಂಡು ಒಂದನೇ ಇಯತ್ತೆಯನ್ನು ನನಗೆ ಒಪ್ಪಿಸಿದರು. ಹನ್ನೊಂದು ಮಕ್ಕಳು. ನಾನು ಖಡು ಹಿಡಿದು, ಯಾರು ಅಳುತ್ತಾರೆ ಎಂದು ಕಾದೆ. ಯಾರೂ ಅಳಲಿಲ್ಲ. ಬೋರ್ಡಿನ ಕಡೆ ತಿರುಗಿದೆ. ಯಾರೂ ಓಡಲಿಲ್ಲ. ಹನ್ನೊಂದು ಮಕ್ಕಳೂ ಸುಮ್ಮನೆ ಕೂತು ನನ್ನನ್ನೇ ನೋಡಿದವು. ಕಾಕಾರ ತರಬೇತಿಯಲ್ಲಿ ಇದೊಂದು ಪಾಠ ಬಿಟ್ಟುಹೋಗಿತ್ತು. ಆ ಐವರು ಮುದುಕರಲ್ಲಿ ಸುಮ್ಮನೆ ಕೂಡುವವರು ಒಬ್ಬರಾದರೂ ಇದ್ದರಲ್ಲವೇ ನನಗೆ ಅಭ್ಯಾಸವಾಗಲು?

ಎರಡು ದಿನ ಹೀಗೇ ಹೋಯಿತು. ನಾನು ಗಾಬರಿಯಲ್ಲಿ ನಮ್ಮ ಮಾತು ಬಿಟ್ಟು ಪುಸ್ತಕದ ಮಾತು ಆಡತೊಡಗಿದೆ. “ಮಕ್ಕಳೇ, ಉತ್ತರಿಸಿ” ಎಂದರೆ ಅವು ಹಿಂದೆ ತಿರುಗಿ ನೋಡುತ್ತಿದ್ದವು, ಯಾರಿಗೆ ಹೇಳುತ್ತಿದ್ದಾಳೆ ಎಂದು. ಮೂರನೇ ದಿನ ಸಹನೆ ಕೆಟ್ಟಿತು. ಮುಂದೆ ಕೂತಿದ್ದ ಭಾಗ್ಯಾ ಎಂಬ ಹುಡುಗಿ ಪಾಟಿ ಕೈತಪ್ಪಿ ಬೀಳಿಸಿದ್ದೇ ನೆಪವಾಗಿ, ಡಸ್ಟರನ್ನು ಮೇಜಿನ ಮೇಲೆ ಬಡಿದು ಚೀರಿಬಿಟ್ಟೆ. ಅದುವರೆಗೆ ಹಾಜರಿಗಾದರೂ “ಹಾಜರ್‍ರಿ” ಎನ್ನುತ್ತಿದ್ದ ಭಾಗ್ಯಾ ಅಂದಿನಿಂದ ಬಾಯಿ ಬಿಡಲಿಲ್ಲ. ಹೆಸರು ಕರೆದರೆ ತಲೆ ತಗ್ಗಿಸುತ್ತಿದ್ದಳು. ಮನೆ ಭೇಟಿ ಮಾಡಿದೆ, ಮಾತು ಕೊಟ್ಟೆ, ಕಲಿತದ್ದನ್ನೆಲ್ಲ ಮಾಡಿದೆ. ಅವಳ ತಾಯಿ ಚಹಾ ಕೊಟ್ಟಳು. ಭಾಗ್ಯಾ ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ. ಒಂದು ತಿಂಗಳು ಹೀಗೆ ನಡೆಯಿತು. ಕಲಿಸಲು ಬಂದವಳು ಮಾತಾಡುವ ಮಗುವಿನ ಬಾಯಿ ಕಟ್ಟಿದೆನಲ್ಲ ಎಂಬ ನಾಚಿಕೆಗೆ ಅನ್ನ ಸೇರದಾಯಿತು. ರಾಜೀನಾಮೆ ಕೊಡುವುದೆಂದು ನಿರ್ಧರಿಸಿದೆ.

ರವಿವಾರ ಬಾಗಲಕೋಟೆಗೆ ಹೋಗಿ ಪತ್ರ ಬರೆದು ಕಾಕಾರ ಕೈಗಿತ್ತೆ. ಬೈಯುತ್ತಾರೆ ಎಂದುಕೊಂಡಿದ್ದೆ. ಕಾಕಾ ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದರು. ನಾನು ಬರೆದಿದ್ದ ಕಾರಣ, ಹವಾಮಾನ ಒಗ್ಗುತ್ತಿಲ್ಲ ಎಂದು. ಅದರ ಕೆಳಗೆ ಗೆರೆ ಎಳೆದು “ಹುನಗುಂದದ ಹವಾಮಾನ ಹುನಗುಂದದವರಿಗೇ ಒಗ್ಗಿಲ್ಲ. ಬೇರೆ ಕಾರಣ ಬರೆ” ಎಂದು ಬರೆದು, ಹತ್ತಕ್ಕೆ ಎರಡು ಅಂಕ ಕೊಟ್ಟು ವಾಪಸು ಮಾಡಿದರು.

ಎರಡನೇ ಸಲ ಮನೆಯ ಜವಾಬ್ದಾರಿ ಎಂದು ಬರೆದೆ. ಕಾಕಾ ಅದನ್ನು ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಓದಿದರು. ಒಳಗಿನಿಂದ ಕಾಕೂ “ಅಕಿ ಕುಡದ ಕಪ್ಪು ಮುಂಜಾನಿಂದ ಅಲ್ಲೇ ಐತಿ ನೋಡ್ರಿ” ಎಂದರು. ಹತ್ತಕ್ಕೆ ಒಂದು.

ಮೂರನೇ ಸಲ ಅಳುತ್ತ ಕೂತು ಇದ್ದದ್ದನ್ನೇ ಬರೆದೆ. ಮಕ್ಕಳಿಗೆ ನನ್ನನ್ನು ಕಂಡರೆ ಭಯ, ನನಗೆ ಮಕ್ಕಳನ್ನು ಕಂಡರೆ ಭಯ, ನನ್ನಿಂದಾಗಿ ಒಂದು ಮಗು ಮಾತು ಬಿಟ್ಟಿದೆ ಎಂದು. ಕಾಕಾ ಅದನ್ನು ಎರಡು ಸಲ ಓದಿದರು. ಗೆರೆ ಎಳೆಯಲಿಲ್ಲ. ಹತ್ತಕ್ಕೆ ಒಂಬತ್ತು ಎಂದು ಬರೆದು ಪತ್ರ ಮಡಚಿದರು.

“ಪತ್ರ ಚಲೋ ಆಗೇತಿ. ಮಂಗಳವಾರ ಕೊಡು. ನಾಳೆ ಒಂದಿನ ಸಾಲಿಗೆ ಹೋಗು.”

“ಒಂದಿನಕ್ಕ ಏನಾಗ್ತೈತ್ರಿ ಕಾಕಾ?”

“ಏನೂ ಆಗೂದಿಲ್ಲ. ಹೋಗು.”

ಸೋಮವಾರ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುತ್ತಿದ್ದೆ. ಶಾಲೆಯ ಮುಂದೆ ಒಂದು ಟಂಟಂ ಬಂದು ನಿಂತಿತು. ಒಳಗಿನಿಂದ “ಇಳೀರಿ, ಸಾವಕಾಶ ಇಳೀರಿ, ಯಾರೂ ಗದ್ಲಾ ಮಾಡಬ್ಯಾಡ್ರಿ” ಎಂಬ ಪರಿಚಿತ ದನಿ. ಕಂಡಕ್ಟರ್ ಅಜ್ಜ! ಅವರ ಹಿಂದೆ ಪೋಸ್ಟ್‌ಮಾಸ್ತರ ಅಜ್ಜ, ಗೋಡೆಯ ತಕರಾರಿನವರಿಬ್ಬರು, ಕೊನೆಗೆ ನಮ್ಮ ಕಾಕಾ. ಧೋತರ, ಬಿಳಿ ಟೋಪಿ, ಬೆನ್ನ ಮೇಲೆ ಮೊಮ್ಮಕ್ಕಳಿಂದ ಕಡ ತಂದ ಗುಲಾಬಿ ಬಣ್ಣದ ಸ್ಕೂಲ್ ಬ್ಯಾಗು. ಬೆಳಗಿನ ಮೊದಲ ಬಸ್ಸು ಹಿಡಿದು ಹೊರಟಿದ್ದರಂತೆ. ಐವರೂ ಬಂದು ಎತ್ತರದ ಪ್ರಕಾರ ಸಾಲಿನಲ್ಲಿ ನಿಂತು ಕಣ್ಣು ಮುಚ್ಚಿದರು.

ನನಗೆ ಭೂಮಿ ಬಿರಿಯಬಾರದೇ ಎನಿಸಿತು. ಕಾಕಾ ನೇರವಾಗಿ ಹೆಡ್‌ಮಾಸ್ತರರ ಬಳಿ ಹೋಗಿ ಐದು ವರ್ಗಾವಣೆ ಪತ್ರ ಒಪ್ಪಿಸಿದರು. ಮಾಳಿಗೆಯ ಶಾಲೆಯಿಂದ ತಾವೇ ಬರೆದು ತಾವೇ ಸಹಿ ಮಾಡಿದ ಪತ್ರಗಳು. ತಮ್ಮ ಪತ್ರದಲ್ಲಿ ಪಾಲಕರ ಸಹಿಯ ಜಾಗದಲ್ಲಿ ಕಾಕೂನ ಸಹಿ, ನಡತೆ ಎಂಬಲ್ಲಿ ಸಾಧಾರಣ ಎಂದಿತ್ತು. ಅದನ್ನು ಕಾಕೂನೇ ಬರೆಸಿದ್ದಂತೆ. ಹೆಡ್‌ಮಾಸ್ತರರು ಪತ್ರಗಳನ್ನು ಓದಿ, ಕಾಕಾರ ಮುಖ ನೋಡಿ, ನನ್ನ ಮುಖ ನೋಡಿದರು. “ಒಂದನೇತ್ತದಾಗ ಜಾಗಾ ಐತ್ರಿ” ಎಂದರು.

ಅಂಥ ದಿನವೇ ತಪಾಸಣೆಗೆ ಸಾಹೇಬರು ಬರಬೇಕೇ? ಬಂದರು. ಬಾಗಿಲಲ್ಲಿ ನಿಂತು ಎಣಿಸಿದರು. ಹಾಜರಿ ಪುಸ್ತಕದಲ್ಲಿ ಹನ್ನೊಂದು, ನೆಲದ ಮೇಲೆ ಹದಿನಾರು.

“ಇವರು ಯಾರ್‍ರಿ?”

“ಹೊಸಾ ಹುಡುಗ್ರು, ಸಾಹೇಬ್ರ” ಎಂದು ಕಾಕಾ ಕೈಕಟ್ಟಿ ಎದ್ದು ನಿಂತರು.

ಸಾಹೇಬರು ಕಾಕಾರ ಟೋಪಿ ನೋಡಿ, ಗುಲಾಬಿ ಬ್ಯಾಗು ನೋಡಿದರು. ಅನುಭವಸ್ಥರು ಇರಬೇಕು, ಮತ್ತೇನೂ ಕೇಳಲಿಲ್ಲ. ಭೇಟಿ ಪುಸ್ತಕದಲ್ಲಿ ಅವರು ಬರೆದದ್ದು ಇಂದಿಗೂ ಶಾಲೆಯಲ್ಲಿದೆ: “ಒಂದನೇ ಇಯತ್ತೆಗೆ ಭೇಟಿ ನೀಡಿದೆ. ಮಕ್ಕಳು ಉತ್ಸಾಹದಿಂದ ಇದ್ದಾರೆ. ಕೆಲವರ ಹಲ್ಲು ಬಿದ್ದಿವೆ, ವಯಸ್ಸಿಗೆ ಸಹಜ.”

ಸಾಹೇಬರು ಹೋದ ಮೇಲೆ ಪಾಠಕ್ಕೆ ನಿಂತೆ. ನಮ್ಮವರು ತುಟಿ ಬಿಚ್ಚಬಾರದು, ಹಿಂದೆ ಸುಮ್ಮನೆ ಕೂಡಬೇಕು ಎಂದು ಕಾಕಾ ದಾರಿಯುದ್ದಕ್ಕೂ ತಾಕೀತು ಮಾಡಿಕೊಂಡೇ ಬಂದಿದ್ದರಂತೆ. ಆದರೆ ಹನ್ನೊಂದು ವರ್ಷದ ರೂಢಿ ತಾಕೀತಿಗೆ ನಿಲ್ಲುತ್ತದೆಯೇ? ನಾನು ಖಡು ಕೈಗೆತ್ತಿಕೊಂಡೆ. ಪೋಸ್ಟ್‌ಮಾಸ್ತರ ಅಜ್ಜ ರಾಗ ತೆಗೆದೇಬಿಟ್ಟರು. ಬೋರ್ಡಿನ ಕಡೆ ತಿರುಗಿದೆ. ಕಂಡಕ್ಟರ್ ಅಜ್ಜ ಮೊಣಕಾಲು ಹಿಡಿದು ಬಾಗಿಲ ಕಡೆ ಹೊರಟರು. ಇನ್ನಿಬ್ಬರು ಪಾಟಿಗಾಗಿ ಕಿತ್ತಾಡತೊಡಗಿದರು. ಕಾಕಾ ಹಣೆ ಹಿಡಿದುಕೊಂಡರು. ನಾನು ಖಡು ಹಿಡಿದ ಕೈಯನ್ನು ಕೆಳಗೆ ಬಿಡುವುದನ್ನೂ ಮರೆತು ನಿಂತೆ.

ಆಗ ಭಾಗ್ಯಾ ಎದ್ದಳು. ಲಂಗ ಎತ್ತಿ ಹಿಡಿದು ಸಾಲುಗಳನ್ನು ದಾಟಿ ಹಿಂದೆ ಹೋಗಿ, ಪೋಸ್ಟ್‌ಮಾಸ್ತರ ಅಜ್ಜನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಅಳಬ್ಯಾಡೋ ಅಜ್ಜಾ” ಎಂದಳು. “ಅಕ್ಕೋರು ಬಡಿಯೂದಿಲ್ಲ. ಅವತ್ತ ಒಂದಿನ ಅಷ್ಟ ಸಿಟ್ಟ ಬಂದಿತ್ತು ಅವರಿಗೆ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ಪೋಸ್ಟ್‌ಮಾಸ್ತರ ಅಜ್ಜ ಸಮಾಧಾನದ ಮಾತಿಗೆ ಅಳು ನಿಲ್ಲಿಸಿದರು. ಅದನ್ನು ನಾನು ಮುಂದುವರಿಸಿದೆ. ಬೋರ್ಡಿನ ಕಡೆ ಮುಖ ಮಾಡಿದ್ದರಿಂದ ಯಾರಿಗೂ ಕಾಣಲಿಲ್ಲ ಎಂದು ನನ್ನ ನಂಬಿಕೆ.

ತಿರುಗಿ ನೋಡುವಾಗ ಭಾಗ್ಯಾ ಅಜ್ಜನ ಕೈ ಹಿಡಿದು ಪಾಟಿಯ ಮೇಲೆ ಅಕ್ಷರ ತಿದ್ದಿಸುತ್ತಿದ್ದಳು. ಮಿಕ್ಕ ಮಕ್ಕಳು ಸುಮ್ಮನಿರುತ್ತವೆಯೇ? ಒಬ್ಬ ಹೋಗಿ ಕಂಡಕ್ಟರ್ ಅಜ್ಜನ ಧೋತರ ಹಿಡಿದು ಎಳೆತಂದ, ಇಬ್ಬರು ಗೋಡೆಯ ತಕರಾರಿನ ನಡುವೆ ಕೂತು ಜಗಳ ಬಿಡಿಸಿದರು. ಐವರು ವಿದ್ಯಾರ್ಥಿಗಳಿಗೆ ಹನ್ನೊಂದು ಮಂದಿ ಶಿಕ್ಷಕರು. ಒಂದು ತಿಂಗಳಿಂದ ಗೋಡೆಯ ಹಾಗೆ ಕೂತಿದ್ದ ವರ್ಗದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದಷ್ಟು ಗದ್ದಲ. ಕಾಕಾರ ಪಾಲಿಗೆ ಬಂದ ಹುಡುಗಿ ನನ್ನ ಹತ್ತಿರ ದೂರು ತಂದಳು. “ಅಕ್ಕೋರ, ಟೋಪಿ ಅಜ್ಜಗ ಏನ ಕೇಳಿದ್ರೂ ಗೊತ್ತಿಲ್ಲ ಅಂತಾನ್ರಿ. ಇಂವಗ ಭಾಳ ದಿನಾ ಬೇಕಾಗ್ತೈತ್ರಿ.”

ಸಂಜೆ ಗಂಟೆ ಹೊಡೆಯಿತು. ಮಕ್ಕಳು ಅಜ್ಜಂದಿರನ್ನು ಕೈಹಿಡಿದು ಟಂಟಂಗೆ ಹತ್ತಿಸಲು ಹೋದರು. ಕಾಕಾ ಮಾತ್ರ ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕೂತೇ ಇದ್ದರು. ಮೊಣಕಾಲು ಹಿಡಿದಿರಬೇಕೆಂದು ಎಬ್ಬಿಸಲು ಹೋದೆ. ಅವರು ಕೈ ಚಾಚಲಿಲ್ಲ.

“ನನ್ನ ಮೊದಲನೇ ಸಾಲಿ ಬಾದಾಮಿ ಕಡೆ ಇತ್ತು” ಎಂದರು. “ಒಂಬತ್ತ ದಿನಾ ಇದ್ದೆ. ಹತ್ತನೇ ದಿನಾ ಯಾರಿಗೂ ಹೇಳಲಾರದ ಬಸ್ ಹತ್ತಿ ಬಂದಬಿಟ್ಟೆ.”

ನಾನು ಪಕ್ಕದಲ್ಲಿ ಕೂತೆ.

“ಏಕೋಪಾಧ್ಯಾಯ ಸಾಲಿ. ನಾ ಬಂದ ಮ್ಯಾಲೆ ಕೀಲಿ ಬಿತ್ತು. ಒಂದ ವರ್ಷ ತಗೀಲಿಲ್ಲ. ಮುಂದ ಬ್ಯಾರೆ ಊರಿನ್ಯಾಗ ಮತ್ತ ನೌಕರಿ ಸಿಕ್ತು, ಗಟ್ಟಿ ಮನಸ್ಸ ಮಾಡಿ ಅಲ್ಲೇ ನಿಂತೆ. ಆದರ ಆ ಮೊದಲನೇ ಊರಿನ ಹುಡುಗ್ರೊಳಗ ನಾಕೈದ ಮಂದಿ ತಿರುಗಿ ಸಾಲಿ ಮಾರಿ ನೋಡಲಿಲ್ಲಂತ. ಒಂದಿನ ಜೀವಾ ಗಟ್ಟಿ ಮಾಡಿ ಆ ಊರಿಗೆ ಹೋಗಿ ಕೇಳಿದ್ದೆ. ಮಾಸ್ತರ ಬಂದಾರೇನು ಅಂತ ಭಾಳ ದಿನಾ ಬಂದು ಬಾಗಲಾ ನೋಡಿ ಹೋಗತಿದ್ವಂತ.” ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. “ನಿಮ್ಮ ಕಾಕೂಗೂ ಹೇಳಿಲ್ಲ ಇದನ್ನ. ಅವತ್ತ ಯಾರರೆ ಒಬ್ರು ಬಂದು ನನ್ನ ಕ್ಲಾಸಿನ್ಯಾಗ ಹಿಂದ ಕುಂತಿದ್ರ ಸಾಕಾಗಿತ್ತವಾ. ಏನೂ ಹೇಳೂದು ಬ್ಯಾಡಾಗಿತ್ತು. ಸುಮ್ನ ಕುಂತಿದ್ರ ಸಾಕಾಗಿತ್ತು.”

ಐವತ್ತು ವರ್ಷ ಈ ಮನುಷ್ಯ ಇದನ್ನು ಹೊತ್ತುಕೊಂಡು ಓಡಾಡಿದ್ದರು, ಮತ್ತು ನಾವೆಲ್ಲ ಅವರಿಗೆ ಹುಚ್ಚು ಎಂದುಕೊಂಡು ನಕ್ಕಿದ್ದೆವು. ಅವರ ಕೈ ಹಿಡಿದು ಎಬ್ಬಿಸಿದೆ. ಧೋತರದ ಧೂಳು ಕೊಡವಿದೆ. ಅವರು ಗುಲಾಬಿ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಬಾಗಿಲ ತನಕ ಹೋಗಿ ತಿರುಗಿ ನಿಂತರು. ಹುಟ್ಟಿದಾಗಿನಿಂದ ನನ್ನನ್ನು ಖೋಡಿ ಎಂದೇ ಕರೆದವರು ಈಗ ಕೈಕಟ್ಟಿ ನಿಂತು ಕೇಳಿದರು:

“ಅಕ್ಕೋರ, ನಾ ಮನಿಗೆ ಹೋಗಲೇನ್ರಿ? ನಾಳೆ ಹೊತ್ತಿಗೆ ಸರಿಯಾಗಿ ಬರ್ತೇನ್ರಿ.”

“ನಾಳೆ ನೀವು ಬರೂದು ಬ್ಯಾಡ್ರಿ ಕಾಕಾ” ಎಂದೆ. “ಸಾಲಿಗೆ ನಾ ಬರ್ತೇನಿ.”